ಇಕ್ಕೇರಿ ವರಹದ ಎರಡು ಮುಖಗಳು: ರೋಮನ್ ಪ್ರಾಂತೀಯ ನಾಣ್ಯಗಳ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಕೆಳದಿ ಅರಸರನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಶಾಸನ, ಕಡತ ಹಾಗೂ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಆಧರಿಸಿವೆ. ನಾಣ್ಯಗಳಿಗೆ ಅಲ್ಲಿ ಸಿಗುವುದು ಅಡಿಟಿಪ್ಪಣಿಯ ಸ್ಥಾನ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರ ಕೈಯಲ್ಲಿ ಓಡಾಡಿದ ಆಕರ ನಾಣ್ಯವೇ. ಕೆಳದಿ, ಇಕ್ಕೇರಿ ಮೊದಲನೆಯದರಲ್ಲಿವೆ, ಬಿದನೂರು, ಅಂದರೆ ಇಂದಿನ ನಗರ, ಎರಡನೆಯದರಲ್ಲಿ, ಕವಲೇದುರ್ಗ ಮೂರನೆಯದರಲ್ಲಿ. ಈ ಪ್ರದೇಶದ ಚಿನ್ನದ ವರಹವನ್ನು ಓದುವ ಕ್ರಮವೊಂದನ್ನು ಇಲ್ಲಿ ಚರ್ಚಿಸಲಾಗಿದೆ.

ಇಕ್ಕೇರಿ ವರಹದ ಒಂದು ಬದಿಯಲ್ಲಿ ಕುಳಿತ ಶಿವಪಾರ್ವತಿಯರಿದ್ದಾರೆ, ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. ಸದಾಶಿವ ಎಂಬುದು ಅರಸನ ಹೆಸರೂ ಹೌದು, ದೇವರ ಹೆಸರೂ ಹೌದು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದ. ಅವನ ವರಹದಲ್ಲಿ ಶಿವಪಾರ್ವತಿಯರು ಹಾಗೆಯೇ ಉಳಿದರು. ಹಿಂಬದಿಗೆ ಮಾತ್ರ ಅವನ ಹೆಸರಿನ ಮೊದಲಕ್ಷರ ಪಾರಸಿ ಲಿಪಿಯಲ್ಲಿ ಬಂತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ದೈವಜೋಡಿ, ಹಿಂಬದಿಯಲ್ಲಿ ಅವರ ಹೆಸರು. ಈ ಚಿತ್ರದ ಮೂಲವನ್ನು ಹುಡುಕುತ್ತ ಹೋದರೆ ವಿಜಯನಗರದ ಇಮ್ಮಡಿ ಹರಿಹರನ ಉಮಾಮಹೇಶ್ವರ ಮಾದರಿಗೆ ಮುಟ್ಟುತ್ತೇವೆ.

ಹೈದರನ ನಾಣ್ಯವನ್ನು ಕೆಲವರು ಅವನ ಪರಧರ್ಮಸಹಿಷ್ಣುತೆಗೆ ಸಾಕ್ಷಿಯೆನ್ನುತ್ತಾರೆ, ಕೆಲವರು ವ್ಯಾಪಾರದ ಅನುಕೂಲವೆನ್ನುತ್ತಾರೆ. ಎರಡೂ ವಿವರಣೆಗಳು ಪ್ರಭುವಿನ ಮನಸ್ಸನ್ನು ಊಹಿಸುತ್ತವೆಯೇ ಹೊರತು ನಾಣ್ಯ ಪಡೆದವನ ಕಣ್ಣನ್ನು ಗಮನಿಸುವುದಿಲ್ಲ. ಇಲ್ಲಿ ರೋಮನ್ ನಾಣ್ಯಶಾಸ್ತ್ರದಿಂದ ಕಲಿಯುವುದಿದೆ.

ಕರ್ನಾಟಕದಲ್ಲಿ ದೊರೆತ ಪ್ರಸಿದ್ಧ ರೋಮನ್ ನಾಣ್ಯಗಳು ಸಾಮ್ರಾಜ್ಯದ ಅಧಿಕೃತ ನಾಣ್ಯಗಳು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳು, ಚಂದ್ರವಳ್ಳಿಯಲ್ಲಿ ಸಿಕ್ಕ ಟಿಬೇರಿಯಸ್‌ನ ದಿನಾರಿಯಸ್ ಈ ಬಗೆಯವು. (ನಮ್ಮ ‘ದೀನಾರ’ ಪದದ ಮೂಲವೂ ಈ ದಿನಾರಿಯಸ್ಸೇ.) ಇವುಗಳ ಜೊತೆಗೆ, ಪೂರ್ವದ ಪ್ರಾಂತಗಳ ಊರುಗಳು ತಮ್ಮ ಬಳಕೆಗೆಂದೇ ನಾಣ್ಯಗಳನ್ನು ಟಂಕಿಸುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ತಾಮ್ರಮಿಶ್ರಲೋಹದವಾದ್ದರಿಂದ ತಮ್ಮ ಸೀಮೆಯನ್ನು ದಾಟಿದ್ದು ಕಡಿಮೆ. ಎಫೆಸಸ್ಸಿನ ನಾಣ್ಯಗಳಲ್ಲಿ ಒಂದು ಬದಿಗೆ ಚಕ್ರವರ್ತಿಯ ತಲೆ, ಇನ್ನೊಂದು ಬದಿಗೆ ಊರ ದೇವತೆ ಆರ್ಟೆಮಿಸ್ ಕಾಣುವುದುಂಟು, ಬರಹ ಗ್ರೀಕಿನಲ್ಲಿ. ವಿದ್ವಾಂಸರು ಇದನ್ನು ಕೇವಲ ಚಕ್ರವರ್ತಿಯ ಔದಾರ್ಯವೆಂದು ಓದುವುದಿಲ್ಲ; ಊರು ತನ್ನ ಅನನ್ಯತೆಯನ್ನು ಸಾಮ್ರಾಜ್ಯದೊಳಗೆ ಹೇಳಿಕೊಂಡ ಬಗೆಯೆಂದೂ ಓದುತ್ತಾರೆ.

ಹೋಲಿಕೆಗೆ ಮಿತಿಯಿದೆ. ಎಫೆಸಸ್ಸಿನಲ್ಲಿ ಟಂಕಿಸಿದ್ದು ಊರು, ನಗರದಲ್ಲಿ ಟಂಕಿಸಿದ್ದು ಅರಸು. ಆದರೂ ಪ್ರಶ್ನೆಯನ್ನು ಬದಲಿಸಲು ಇಷ್ಟು ಸಾಕು. ಅಡಿಕೆ, ಮೆಣಸುಗಳ ಬೆಲೆಯಾಗಿ ವರಹ ಪಡೆದ ಮಲೆನಾಡಿಗನಿಗೆ ಪಾರಸಿ ಅಕ್ಷರ ಓದಲು ಬಾರದಿರಬಹುದು. ಶಿವಪಾರ್ವತಿಯರ ಗುರುತು ಹತ್ತದಿರಲಾರದು. ರಾಜಧಾನಿ ಬಿದನೂರಿಗೆ ಹೋದ ಮೇಲೂ ನಾಣ್ಯಕ್ಕೆ ‘ಇಕ್ಕೇರಿ’ಯೆಂಬ ಹೆಸರೇ ನಿಂತುದನ್ನು ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ರೂಢಿಗೆ ಅರಸನಿಗಿಂತ ಊರು ದೊಡ್ಡದು. ನಮ್ಮ ನಾಣ್ಯಸೂಚಿಗಳಾದರೋ ಇವನ್ನು ಕೆಳದಿ, ಹೈದರ್, ಒಡೆಯರ್ ಎಂದು ವಂಶವಾರು ಒಡೆಯುತ್ತವೆ. ಹಿಂಬದಿಯನ್ನಷ್ಟೇ ಓದಿದ ವರ್ಗೀಕರಣವಿದು.

ಹಾಗಾದರೆ ಮುಂಬದಿ ಯಾವುದು? ಅದು ಸಂಗ್ರಾಹಕರು ಮಾಡಿಕೊಂಡ ಕಟ್ಟಳೆ. ನಾಣ್ಯ ತಾನಾಗಿ ಹೇಳುವುದಿಲ್ಲ. ಆದರೆ ಬಳಸಿದವರು ಕೆಲವೊಮ್ಮೆ ಹೇಳಿರುತ್ತಾರೆ. ದಕ್ಷಿಣ ಭಾರತದಲ್ಲಿ ದೊರೆತ 5-6ನೆಯ ಶತಮಾನಗಳ ಪೂರ್ವ ರೋಮನ್ ಚಿನ್ನದ ನಾಣ್ಯಗಳಲ್ಲಿ ಅನೇಕಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ತೂತುಗಳಿವೆ. ದಾರ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲೆಂಬ ಎಚ್ಚರ ಅಲ್ಲಿದೆ. ಮಲೆನಾಡಿನ ಮನೆಗಳಲ್ಲಿ ಸರದ ಪದಕವಾಗಿಯೋ ಲಕ್ಷ್ಮೀಪೂಜೆಯ ತಟ್ಟೆಯಲ್ಲೋ ಉಳಿದ ವರಹಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ. ಸಂಗ್ರಾಹಕರ ಪೇಟೆಯಲ್ಲಿ ತೂತಾದ ನಾಣ್ಯಕ್ಕೆ ಬೆಲೆ ಕಡಿಮೆ, ಅಕ್ಕಸಾಲೆಗೆ ಅದು ಬರಿಯ ಚಿನ್ನ, ಸುಮಾರು 3.4 ಗ್ರಾಂ ಕರಗಲು ಹೆಚ್ಚು ಹೊತ್ತು ಬೇಡ. ಸಂಶೋಧಕನಿಗೆ ಆ ತೂತೇ ದಾಖಲೆ. ಕಡತ, ಹಾಡುಗಳ ಸಂಗ್ರಹಕ್ಕೆ ಈ ಮೂರು ತಾಲ್ಲೂಕುಗಳಿಗೆ ಹೋಗುವವರು ಮನೆಯವರ ಒಪ್ಪಿಗೆ ಪಡೆದು ವರಹದ ತೂಕ, ಎರಡೂ ಬದಿಯ ಛಾಯಾಚಿತ್ರ, ಮನೆಯಲ್ಲಿ ಅದನ್ನು ಕರೆಯುವ ಹೆಸರು ಇವನ್ನು ಬರೆದುಕೊಳ್ಳಬಹುದು. ಜೊತೆಗೆ ತೂತು ಅಥವಾ ಕೊಂಡಿ ಎಲ್ಲಿದೆ ಎಂಬುದನ್ನೂ: ದೇವರ ತಲೆಯ ಮೇಲೋ, ಅಕ್ಷರದ ಮೇಲೋ.