ಇನ್ಸೆಂಟಿವ್ ಎಷ್ಟು ಎಂದು ಕೇಳುವ ಮೊದಲು

ಯರಗೇರಾದ ತಮ್ಮನಿಗೆ,

ಐಟಿಐ ಮುಗಿಸಿದ ಹುಡುಗರನ್ನು ರಾಯಚೂರಿನಲ್ಲಿ ಬೇಗ ಕರೆಯುವ ಕೆಲಸಗಳಲ್ಲಿ ಫೀಲ್ಡ್ ಟೆಕ್ನಿಷಿಯನ್ನದೂ ಒಂದು. ಫೈಬರ್ ಇಂಟರ್‌ನೆಟ್, ಡಿಶ್, ಏಸಿ, ನೀರಿನ ಫಿಲ್ಟರ್ ಏನೇ ಇರಲಿ, ಮಾತು ಒಂದೇ: ತಿಂಗಳಿಗೆ ಇಷ್ಟು ಖಾತ್ರಿ, ಉಳಿದದ್ದು ಕೆಲಸ ನೋಡಿಕೊಂಡು. ಆ ಉಳಿದದ್ದು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಏನು ನೋಡಿ ಅಳೆಯುತ್ತಾರೆ ಎಂದು ಕೇಳುವವರು ಕಡಿಮೆ.

ಈ ಪದ್ಧತಿ ಹಳ್ಳಿಗಳಿಗೆ ಹೊಸದಲ್ಲ. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಹುಟ್ಟಿದ್ದು 2002ರಲ್ಲಿ. ಅದಾದ ಸ್ವಲ್ಪ ಕಾಲಕ್ಕೆ ರಾಜ್ಯದ ವಿದ್ಯುತ್ ಕಂಪನಿಗಳು ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನು ತೆಗೆದುಕೊಂಡವು. ಮೀಟರ್ ಓದಿ, ಬಿಲ್ ಕೊಟ್ಟು, ದುಡ್ಡು ವಸೂಲು ಮಾಡುವುದು ಅವರ ಕೆಲಸ. ಸಣ್ಣ ಗೌರವಧನ, ವಸೂಲಿ ಗುರಿ ದಾಟಿದರೆ ಪ್ರೋತ್ಸಾಹಧನ. ಮಳೆ ಕೈಕೊಟ್ಟ ವರ್ಷ ಊರೇ ಬಿಲ್ ಬಾಕಿ ಉಳಿಸಿಕೊಂಡರೆ ಚುರುಕಿನ ಹುಡುಗನೂ ಏನು ಮಾಡಿಯಾನು? 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂತು. 200 ಯೂನಿಟ್ ಮಿತಿಯೊಳಗಿನ ಎಷ್ಟೋ ಮನೆಗಳ ಬಿಲ್ ಸೊನ್ನೆಯಾಯಿತು. ಮನೆಯವರಿಗೆ ಒಳ್ಳೆಯದೇ ಆಯಿತು, ಆದರೆ ಮನೆಮನೆಯ ವಸೂಲಿಯನ್ನು ನಂಬಿದ ಗಳಿಕೆಗೆ ಅಲ್ಲಿ ಬುಡವೇ ಇಲ್ಲ.

ಕೆಲಸ ಮಾಡಿದರೂ ಅದು ದಾಖಲಾಗಬೇಕಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಅವರ ತಕರಾರು ಮೊತ್ತದ್ದಷ್ಟೇ ಆಗಿರಲಿಲ್ಲ. ಮಾಡಿದ ಕೆಲಸ ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಹಣ ತಪ್ಪುತ್ತಿದೆ ಎಂಬುದೂ ಅದರಲ್ಲಿತ್ತು. ಗೌರವಧನ, ಪ್ರೋತ್ಸಾಹಧನ ಎರಡನ್ನೂ ಸೇರಿಸಿ ನಿಗದಿತ ಸಂಬಳ ಕೊಡಿ ಎಂದರು. ಟೆಕ್ನಿಷಿಯನ್ನರ ಪಾಡೂ ಬೇರೆಯಲ್ಲ. ಗಿರಾಕಿ ಒಟಿಪಿ ಕೊಡದಿದ್ದರೆ ಕಂಪ್ಲೇಂಟ್ ಆ್ಯಪ್‌ನಲ್ಲಿ ಕ್ಲೋಸ್ ಆಗದು, ರಿಪೇರಿ ಆಗಿದ್ದರೂ ಲೆಕ್ಕಕ್ಕೆ ಬಾರದು.

ಇನ್ನು ದಾರಿ. ರಾಯಚೂರು ನಗರದಲ್ಲಿ ಓಡಾಡುವವನಿಗೆ ಒಂದು ಮನೆಯಿಂದ ಇನ್ನೊಂದು ಮನೆ ಹತ್ತು ನಿಮಿಷ. ದೇವದುರ್ಗ, ಮಾನ್ವಿ ಕಡೆ ಕಳಿಸಿದರೆ ಹೋಗಿಬರುವುದೇ ನೂರು ಕಿಲೋಮೀಟರ್ ಆಸುಪಾಸು, ಎರಡು ಲೀಟರ್ ಪೆಟ್ರೋಲ್, ಅಂದರೆ ಇನ್ನೂರು ರೂಪಾಯಿ. ಒಂದು ಕಂಪ್ಲೇಂಟಿಗೆ ಇಬ್ಬರಿಗೂ ಒಂದೇ ದರ ಎಂದರೆ ಅದು ಸಮಾನತೆಯಲ್ಲ, ಹಳ್ಳಿ ಕಡೆಯವನ ಜೇಬಿಗೆ ಕತ್ತರಿ. ಪೆಟ್ರೋಲ್ ಯಾರದು ಎಂಬುದು ಕೇಳಲು ನಾಚಿಕೊಳ್ಳುವ ಪ್ರಶ್ನೆಯೇನಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅವಸರ. ಮೇ ತಿಂಗಳ ರಾಯಚೂರು ಬಿಸಿಲಲ್ಲಿ ತಿಂಗಳ ಕೊನೆಯ ಎರಡು ಕೇಸಿಗಾಗಿ ಹುಡುಗರು ಕರೆಂಟ್ ಕಂಬ ಹತ್ತುತ್ತಾರೆ. ಲೈನ್‌ಮನ್ನರು ಲೈನ್ ಕ್ಲಿಯರ್, ಅಂದರೆ ಕರೆಂಟ್ ಕಡಿದಿದೆ ಎಂಬ ಅನುಮತಿ, ಇಲ್ಲದೆ ತಂತಿ ಮುಟ್ಟಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಫೈಬರ್ ಎಳೆಯುವವನ ಮೈಗೂ ಅದೇ ಕರೆಂಟು ಹರಿಯುತ್ತದೆ.

ಕಾನೂನು ಒಂದೆರಡು ಕಡೆ ಬೆನ್ನಿಗಿದೆ. ಕಾರ್ಮಿಕನಿಗೆ ತುಂಡು ಲೆಕ್ಕದಲ್ಲಿ ಕೂಲಿ ಕೊಟ್ಟರೂ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ. ಕಾರ್ಮಿಕರ ವಿಮೆಯಾದ ಇಎಸ್‌ಐ ಅನ್ವಯಿಸುವ ಕಡೆ ವೇತನ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಆಸ್ಪತ್ರೆಯ ಹಕ್ಕಿದೆ. ಕೆಲಸಗಾರನ ಪಾಲು ಶೇ 0.75, ಮಾಲೀಕನದು ಶೇ 3.25. ಆದರೆ ‘ನೀನು ನೌಕರನಲ್ಲ, ಪಾರ್ಟ್‌ನರ್’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದರೆ ಇದನ್ನೆಲ್ಲ ಪಡೆಯಲು ಹೆಣಗಬೇಕಾಗುತ್ತದೆ.

ಆದ್ದರಿಂದ ತಮ್ಮಾ, ಸೇರುವ ದಿನವೇ ದರಪಟ್ಟಿ ಬರಹದಲ್ಲಿ ಕೇಳು. ಮುಗಿಸಿದ ಪ್ರತಿ ಕೆಲಸದ ಸ್ಕ್ರೀನ್‌ಶಾಟ್ ಇಟ್ಟುಕೋ. ಬೈಕಿಗೆ ಸಾಲ ಮಾಡುವುದಾದರೆ ಕಂತಿನ ಲೆಕ್ಕವನ್ನು ಖಾತ್ರಿ ಸಂಬಳದ ಮೇಲೆ ಮಾತ್ರ ಹಾಕು.

ಇಂತಿ,
ನಿಮ್ಮೂರ ಕಡೆಯ ಹಿರಿಯ