ಜಾಲತಾಣವನ್ನು ಕಟ್ಟುವ ಮೊದಲು ಮಾಡತಕ್ಕ ಪರಿಶೀಲನೆ

ನಮ್ಮ ಶಾಲೆಯಲ್ಲಿ ಕಲಿತು ಹೋದ ಸೋದರಿಯರಿಗೆ ಇಲ್ಲಿನ ಹೊಲಿಗೆಯ ತರಗತಿಯು ಮರೆತಿರಲಾರದು. ಹೊಸ ರವಿಕೆಗೆ ಕತ್ತರಿ ಹಾಕುವ ಮೊದಲು ಉಪಾಧ್ಯಾಯಿನಿಯವರು ಚೆನ್ನಾಗಿ ಹೊಲಿದ ಎರಡು ಮೂರು ರವಿಕೆಗಳನ್ನು ಮೇಜಿನ ಮೇಲಿರಿಸಿ, ಒಳಮಗ್ಗುಲನ್ನು ಹೊರಕ್ಕೆ ತಿರುವಿ, ಹೊಲಿಗೆಯು ಎಲ್ಲಿ ಇಮ್ಮಡಿಯಾಗಿದೆ, ಅಂಚಿನಲ್ಲಿ ಬಟ್ಟೆಯನ್ನು ಎಷ್ಟು ಬಿಟ್ಟಿದ್ದಾರೆ ಎಂಬದನ್ನು ತೋರಿಸುತ್ತಿದ್ದರು. ಈಗ ಆ ಕೊಠಡಿಯ ಪಕ್ಕದಲ್ಲಿ ಕಂಪ್ಯೂಟರುಗಳಿವೆ. ಒಂಬತ್ತನೆಯ ತರಗತಿಯ ಬಾಲಿಕೆಯರು ಅಲ್ಲಿ ಜಾಲತಾಣ ರಚನೆಯನ್ನು ಕಲಿಯುತ್ತಾರೆ. ಕಳೆದ ವರ್ಷ ಈ ಕೆಲಸವು ಆರಂಭವಾದಾಗ ಕೆಲವು ತಾಯಿತಂದೆಗಳು ನನ್ನ ಬಳಿಗೆ ಬಂದು, “ಮೂರು ವಾರಗಳಾದರೂ ಮಕ್ಕಳು ಒಂದು ಪುಟವನ್ನಾದರೂ ಕಟ್ಟಲಿಲ್ಲವಲ್ಲ, ಬೇರೆಯವರ ತಾಣಗಳನ್ನು ನೋಡುತ್ತ ಕೂತಿದ್ದಾರಂತೆ, ಇದೂ ಒಂದು ಪಾಠವೋ?” ಎಂದು ವಿಚಾರಿಸಿದರು. ಪ್ರಶ್ನೆಯು ಯೋಗ್ಯವಾದದ್ದೇ. ಅದಕ್ಕೆ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹಾಗೆ ಬರೆಯುವಾಗ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ.

ಬಾಲಿಕೆಯರು ಆರಿಸಿಕೊಂಡ ವಿಷಯವು, ತಮ್ಮ ಅಜ್ಜಿಯರು ಕೆಲಸ ಮಾಡುವಾಗ ಬಳಸುವ ಮಾತುಗಳ ಒಂದು ಸಣ್ಣ ಪದಕೋಶ. ನಮ್ಮ ಮಕ್ಕಳಲ್ಲಿ ಅನೇಕರು ಉಡುಪಿಯ ಸುತ್ತಲಿನ ಹಳ್ಳಿಗಳಿಂದ ಬರುವವರು. ಶಂಕರಪುರದ ಕಡೆಯ ಮನೆಗಳಲ್ಲಿ ಮಲ್ಲಿಗೆಯ ಕೃಷಿಯುಂಟು. ಅಲ್ಲಿ ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ. ಎಂಟುನೂರು ಹೂವುಗಳಿಗೆ ಒಂದು ಚೆಂಡು. ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಪ್ರತಿದಿನವೂ ಹೂವಿಗೆ ದರವನ್ನು ಹೇಳುವದು ಈ ಅಟ್ಟೆಯ ಲೆಕ್ಕದಲ್ಲಿಯೇ. ಇಂಥ ಮಾತುಗಳು ಅಜ್ಜಿಯರ ಸಂಗಡವೇ ಹೋಗಿಬಿಡಬಾರದೆಂದು ಮಕ್ಕಳ ಆಶೆ. “ಇಂಥದ್ದು ಲೋಕದಲ್ಲಿ ಬೇರೆ ಎಲ್ಲಿಯೂ ಇಲ್ಲ, ಟೀಚರ್” ಎಂದು ಅವರು ಮೊದಲ ದಿನವೇ ಹೇಳಿಬಿಟ್ಟರು. ಹುಡುಕಿ ನೋಡಿದಿರೋ ಎಂದು ಕೇಳಿದಾಗ ಯಾರೂ ಮಾತಾಡಲಿಲ್ಲ. ಪಾಠವು ಅಲ್ಲಿಂದ ಆರಂಭವಾಯಿತು.

ಒಂದನೆಯದಾಗಿ, ಪ್ರತಿಸ್ಪರ್ಧಿಗಳು ಯಾರೆಂದು ತಿಳಿಯಬೇಕು. ನಮ್ಮ ಓದುಗರಿಗೆ ಬೇಕಾದದ್ದನ್ನು ನಮಗಿಂತ ಮೊದಲೇ ಕೊಡುತ್ತಿರುವವರೆಲ್ಲರೂ ಈ ಹೆಸರಿನೊಳಗೆ ಬರುತ್ತಾರೆ. ಅವರ ತಾಣವು ನಮ್ಮದರಂತೆ ಕಾಣಬೇಕೆಂದೇನೂ ಇಲ್ಲ. ಮಕ್ಕಳು ಎರಡು ದಿನ ಹುಡುಕಿ ಪಟ್ಟಿಯನ್ನು ಮಾಡಿದರು. ಫರ್ಡಿನೆಂಡ್ ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ, ಸುಮಾರು ಎಪ್ಪತ್ತು ಸಾವಿರ ಪದಗಳುಳ್ಳ ನಿಘಂಟಿನ ಪುಟಗಳ ಚಿತ್ರಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಕ್ಕಿದವು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಶ್ರಮಪಟ್ಟು ಸಿದ್ಧಪಡಿಸಿ, ೨೦೧೯ರಲ್ಲಿ ಸಾರ್ವಜನಿಕರಿಗೆ ದೊರೆತ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಯಾರು ಬೇಕಾದರೂ ಸೇರಿಸಬಹುದಾದ ಕನ್ನಡ ವಿಕ್ಷನರಿಯೂ ಇತ್ತು. ಕೊನೆಗೆ ಒಬ್ಬ ಬಾಲಿಕೆ, “ನಮಗೆ ಒಂದು ಮಾತಿನ ಅರ್ಥ ಬೇಕಾದರೆ ಮೊದಲು ಅಮ್ಮನನ್ನು ಕೇಳುತ್ತೇವೆ, ಆಕೆಯ ಹೆಸರನ್ನೂ ಬರೆಯಬೇಕಲ್ಲವೇ?” ಎಂದಳು. ಆ ಹೆಸರೂ ಪಟ್ಟಿಯಲ್ಲಿ ಸೇರಿತು.

ಹುಡುಕುವಾಗ ಮೊದಲು ಕಂಡದ್ದೇ ಶ್ರೇಷ್ಠವೆಂದು ತಿಳಿಯಬಾರದೆಂಬದನ್ನೂ ಮಕ್ಕಳಿಗೆ ಹೇಳಿದೆವು. ಹಣಕೊಟ್ಟು ಹಾಕಿಸಿದ ಜಾಹೀರಾತುಗಳು ಮೇಲ್ಗಡೆ ಬರುವದುಂಟು. ಅಲ್ಲದೆ ಒಂದೇ ಮಾತನ್ನು ಎರಡು ಮೂರು ವಿಧವಾಗಿ ಕೇಳಿದರೆ ಬೇರೆ ಬೇರೆ ತಾಣಗಳು ಮುಂದೆ ಬರುತ್ತವೆ.

ಎರಡನೆಯದಾಗಿ, ಪರೀಕ್ಷೆಯು ಎಲ್ಲರಿಗೂ ಒಂದೇ ಆಗಿರಬೇಕು. ಹತ್ತು ಪದಗಳನ್ನು ಆರಿಸಿ ಪ್ರತಿಯೊಂದು ತಾಣದಲ್ಲಿಯೂ ಅವೇ ಹತ್ತನ್ನು ಹುಡುಕುವದೆಂದು ನಿಶ್ಚಯಿಸಿದರು. ಮೊದಲ ಪಟ್ಟಿಯಲ್ಲಿ ಅವರು ಬರೆದದ್ದೆಲ್ಲವೂ ಹೂ ಕಟ್ಟುವವರ ಮಾತುಗಳೇ. ಹೆಚ್ಚಿನವು ಎಲ್ಲಿಯೂ ಸಿಕ್ಕಲಿಲ್ಲ. ಅಟ್ಟೆ ಎಂದು ಕೇಳಿದರೆ ಒಂದು ಕಡೆ ಚಪ್ಪಲಿಯ ತಳವೆಂಬ ಅರ್ಥವು ಬಂತು. ಹೂವಿನ ಲೆಕ್ಕವು ಬರಲಿಲ್ಲ. ಮಕ್ಕಳು ಬಹಳ ಸಂತೋಷಪಟ್ಟು, “ಇವು ಯಾವವೂ ಪ್ರಯೋಜನವಿಲ್ಲ” ಎಂದು ವರದಿಯಲ್ಲಿ ಬರೆದರು. ಆಗ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರು, “ನಿಮಗೆ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳಿ ಇನ್ನೊಬ್ಬರನ್ನು ಅನುತ್ತೀರ್ಣಗೊಳಿಸುವದು ನ್ಯಾಯವೇ?” ಎಂದು ಕೇಳಿದರು. ಪಟ್ಟಿಯು ಬದಲಾಯಿತು. ಎಲ್ಲರೂ ಬಳಸುವ ಐದು ಪದಗಳು, ಅಟ್ಟೆ, ಚೆಂಡು, ಮಡಲು, ಗೆರಸೆ, ಹೆಡಿಗೆ ಎಂಬ ಐದು, ಹೀಗೆ ಹತ್ತಾದವು. ಈ ಸಾರಿ ದೊಡ್ಡ ನಿಘಂಟುಗಳೇ ಬಹುಮಟ್ಟಿಗೆ ಗೆದ್ದವು. ಮಕ್ಕಳ ಮುಖಗಳು ಸ್ವಲ್ಪ ಬಾಡಿದರೂ ವರದಿಯು ಸತ್ಯವಾಯಿತು.

ಇದನ್ನು ಮಾಡುವಾಗ ಇನ್ನೆರಡು ನಿಯಮಗಳನ್ನು ಇಟ್ಟುಕೊಂಡೆವು. ಎಲ್ಲಾ ತಾಣಗಳನ್ನೂ ಒಂದೇ ಮೊಬೈಲ್ ಫೋನಿನಲ್ಲಿ, ಒಂದೇ ಸ್ಥಳದಲ್ಲಿ ಕೂತು ನೋಡುವದು ಮೊದಲನೆಯದು. ಶಾಲೆಯ ವೇಗವಾದ ಸಂಪರ್ಕದಲ್ಲಿ ಒಂದನ್ನೂ ಹಳ್ಳಿಯ ಮಂದವಾದ ಸಂಪರ್ಕದಲ್ಲಿ ಇನ್ನೊಂದನ್ನೂ ನೋಡಿದರೆ ಹೋಲಿಕೆಯೇ ಆಗದು. ಇಬ್ಬಿಬ್ಬರು ಬಾಲಿಕೆಯರು ಬೇರೆ ಬೇರೆಯಾಗಿ ಅಂಕಗಳನ್ನು ಕೊಟ್ಟು, ಆಮೇಲೆ ಕೂಡಿ ನೋಡುವದು ಎರಡನೆಯದು. ಅಂಕಗಳಲ್ಲಿ ಭೇದ ಬಂದಲ್ಲಿ ತಾಣವನ್ನು ಮತ್ತೊಮ್ಮೆ ತೆರೆದು ನೋಡತಕ್ಕದ್ದು.

ಮೂರನೆಯದಾಗಿ, ಹೊಲಿಗೆಯ ಒಳಮಗ್ಗುಲನ್ನು ನೋಡಬೇಕು. ಬಣ್ಣವು ಅಂದವಾಗಿದೆ, ಚಿತ್ರವು ದೊಡ್ಡದಾಗಿದೆ ಎಂದು ಬರೆಯುವದು ಸುಲಭ. ಇದನ್ನು ಬರೆದವರು ಯಾರು? ಕೊನೆಗೆ ತಿದ್ದಿದ್ದು ಯಾವಾಗ? ತಪ್ಪಿದ್ದರೆ ಯಾರಿಗೆ ತಿಳಿಸಬಹುದು? ಇಲ್ಲಿಂದ ತೆಗೆದುಕೊಳ್ಳಲು ಯಾರ ಅನುಮತಿ ಬೇಕು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿರಿ ಎಂದು ಹೇಳಿದೆವು. ವಿಕ್ಷನರಿಯಲ್ಲಿ ಪ್ರತಿ ಪುಟಕ್ಕೂ ಇತಿಹಾಸವೆಂಬ ಭಾಗವಿದ್ದು, ಯಾವ ದಿನ ಏನನ್ನು ಬದಲಿಸಿದರೆಂಬದು ಅಲ್ಲಿ ಕಾಣುತ್ತದೆ. ಅನುಮತಿಯ ಷರತ್ತುಗಳು ತಾಣದ ಕೆಳಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವದುಂಟು. ಅದನ್ನು ಓದುವ ಅಭ್ಯಾಸವು ದೊಡ್ಡವರಿಗೂ ಇಲ್ಲ.

ಅಕ್ಷರಗಳ ವಿಷಯದಲ್ಲಿ ಮಕ್ಕಳು ಒಂದು ಹೊಸ ಸಂಗತಿಯನ್ನು ಕಂಡುಕೊಂಡರು. ಕೆಲವು ಹಳೆಯ ಕನ್ನಡ ತಾಣಗಳಲ್ಲಿ ಕಣ್ಣೆದುರಿಗೆ ಕಾಣುವ ಪದವನ್ನೇ ಹುಡುಕಿದರೂ ಸಿಕ್ಕುವದಿಲ್ಲ. ಕಾರಣವೇನೆಂದರೆ, ಯೂನಿಕೋಡ್ ಬಳಕೆಗೆ ಬರುವ ಮೊದಲು ಅನೇಕರು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸಿ ಬರೆಯುತ್ತಿದ್ದರು. ನೋಡುವವರಿಗೆ ಅದು ಕನ್ನಡ. ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪುಸ್ತಕದ ಪುಟಗಳನ್ನು ಬರೇ ಚಿತ್ರಗಳಾಗಿ ಇಟ್ಟಲ್ಲಿಯೂ ಇದೇ ತೊಡಕು. ನಮ್ಮ ತಾಣವು ಮೊದಲಿನಿಂದಲೂ ಯೂನಿಕೋಡಿನಲ್ಲಿರಬೇಕೆಂದು ಅಂದೇ ತೀರ್ಮಾನವಾಯಿತು. ಮಸುಕು ಬಣ್ಣದ ಅಕ್ಷರಗಳನ್ನು ಕುರಿತು ಸಹ ಒಂದು ಅಳತೆಯುಂಟು. ಜಾಲದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯು ೨೦೦೮ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರತಕ್ಕ ಬೆಳಕಿನ ಅಂತರವು ಕನಿಷ್ಠ ೪.೫ಕ್ಕೆ ೧. ಮಕ್ಕಳು ತಮಗಾಗಿ ಆರಿಸಿದ್ದ ತೆಳುಗುಲಾಬಿ ಬಣ್ಣದ ಅಕ್ಷರಗಳು ಈ ಪರೀಕ್ಷೆಯಲ್ಲಿ ಸೋತವು.

ನಾಲ್ಕನೆಯದಾಗಿ, ತಾಣವನ್ನು ಬಳಸತಕ್ಕವರ ಕೈಗೆ ಅದನ್ನು ಕೊಟ್ಟು ಸುಮ್ಮನೆ ನೋಡಬೇಕು. ಈ ವಿದ್ಯೆಯಲ್ಲಿ ಹೆಸರಾದ ಜಾಕೋಬ್ ನೀಲ್ಸನ್ ಎಂಬವರು, ಐದು ಜನರು ಬಳಸುವದನ್ನು ನೋಡಿದರೆ ಒಂದು ತಾಣದ ತೊಡಕುಗಳಲ್ಲಿ ಹೆಚ್ಚಿನವು ಬೆಳಕಿಗೆ ಬರುತ್ತವೆಂದು ೨೦೦೦ದಲ್ಲಿ ಬರೆದರು. ನಮ್ಮ ಮಕ್ಕಳು ಐದು ಮಂದಿ ಅಜ್ಜಿಯರನ್ನು ಆರಿಸಿಕೊಂಡರು. ಅವರಲ್ಲಿ ಒಬ್ಬರು ಫೋನನ್ನು ಹಿಡಿದು ಬಹಳ ಹೊತ್ತು ನೋಡಿ, “ನನಗೆ ಓದು ಬರಹ ಬರುತ್ತದೆ ಮಗೂ, ಆದರೆ ಇದರಲ್ಲಿ ‘ಟ್ಟ’ ಎಲ್ಲಿದೆ?” ಎಂದು ಕೇಳಿದರಂತೆ. ಮೊಮ್ಮಗಳಿಗೆ ಅದುವರೆಗೆ ಹೊಳೆದಿರಲಿಲ್ಲ. ಅಟ್ಟೆ ಎಂಬ ಎರಡಕ್ಷರದ ಪದವನ್ನು ಯೂನಿಕೋಡಿನಲ್ಲಿ ಬರೆಯಲು ಐದು ಸಂಕೇತಗಳು ಬೇಕು: ಅ, ಟ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಟ, ಎತ್ವ. ಮಗ್ಗಿಯನ್ನೂ ಕಾಗುಣಿತವನ್ನೂ ಬಾಯಿಪಾಠ ಮಾಡಿದ ಆ ವೃದ್ಧೆಗೆ ಒತ್ತಕ್ಷರವು ಒಂದೇ ಅಕ್ಷರ. ಅದನ್ನು ಒಡೆದು ಹುಡುಕುವದು ಆಕೆಗೆ ಹೇಗೆ ತಿಳಿಯಬೇಕು? ನಾವು ನೋಡಿದ ತಾಣಗಳೆಲ್ಲವೂ, ಬಂದವರು ಪದವನ್ನು ಬೆರಳಿನಿಂದ ಬರೆಯಬಲ್ಲರೆಂದು ನಂಬಿಕೊಂಡಿದ್ದವು. ಮೂರು ವಾರಗಳ ಪರಿಶೀಲನೆಯಲ್ಲಿ ದೊರೆತ ಅತ್ಯಂತ ಬೆಲೆಯುಳ್ಳ ಸಂಗತಿಯು ಇದೇ. ಹೂವಿನ ಕೆಲಸ, ತೆಂಗಿನ ಕೆಲಸ, ಅಕ್ಕಿಯ ಕೆಲಸ ಎಂದು ಚಿತ್ರಗಳನ್ನು ಸಾಲಾಗಿಟ್ಟು, ಚಿತ್ರವನ್ನು ಮುಟ್ಟಿದರೆ ಪದಗಳು ಕಾಣುವಂತೆ, ಪದವನ್ನು ಮುಟ್ಟಿದರೆ ಅಜ್ಜಿಯ ಧ್ವನಿ ಕೇಳುವಂತೆ ತಮ್ಮ ತಾಣವನ್ನು ಕಟ್ಟುವದೆಂದು ಮಕ್ಕಳು ನಿಶ್ಚಯಿಸಿದರು.

ಇನ್ನು ನನ್ನ ತಪ್ಪಿನ ವಿಷಯ. ಶಾಲೆಯ ಪ್ರದರ್ಶನದ ದಿನವು ಸಮೀಪಿಸುತ್ತಿತ್ತು. ಅಲರ್‌ನಲ್ಲಿ ಒಂದೂವರೆ ಲಕ್ಷ ಪದಗಳೆಂದು ಕೇಳಿದ ಮೇಲೆ ನಮ್ಮ ನಾಲ್ವತ್ತು ಪದಗಳು ನನ್ನ ಕಣ್ಣಿಗೆ ಬಹಳ ಸಣ್ಣದಾಗಿ ಕಂಡವು. ಗೋಡೆಯ ಮೇಲೆ ಒಂದು ಹಾಳೆಯನ್ನು ಅಂಟಿಸಿ, ಪ್ರತಿದಿನವೂ ಬೆಳಿಗ್ಗೆ, “ಇವತ್ತಿಗೆ ಎಷ್ಟಾಯಿತು?” ಎಂದು ಕೇಳಿ ಅಂಕಿಯನ್ನು ಬರೆಸುತ್ತಿದ್ದೆನು. ಒಬ್ಬ ಬಾಲಿಕೆಯ ಅಂಕಿಯು ಎರಡೇ ಸಂಜೆಗಳಲ್ಲಿ ನೂರಕ್ಕಿಂತ ಹೆಚ್ಚು ಏರಿತು. ಎಲ್ಲರ ಮುಂದೆ ಆಕೆಯನ್ನು ಹೊಗಳಿದೆನು. ಮರುದಿನ ಓದಿ ನೋಡಿದಾಗ ಒಂದು ಅರ್ಥದಲ್ಲಿ ಅಚ್ಚಿನ ತಪ್ಪೊಂದು ಕಂಡಿತು. ನಾವು ಪರಿಶೀಲಿಸಿದ್ದ ಒಂದು ತಾಣದಲ್ಲಿಯೂ ಅದೇ ತಪ್ಪು ಅದೇ ಸ್ಥಳದಲ್ಲಿತ್ತು. ಆಕೆಯನ್ನು ನನ್ನ ಕೋಣೆಗೆ ಕರೆದು ಕೇಳಿದೆನು. ಹುಡುಗಿಯು ಅಲ್ಲಗಳೆಯಲಿಲ್ಲ. ಸ್ವಲ್ಪ ಅತ್ತು, ಆಮೇಲೆ ಮೆಲ್ಲಗೆ, “ತಾವು ದಿನವೂ ಎಷ್ಟು ಎಂದು ಕೇಳಿದಿರಿ, ಟೀಚರ್. ಯಾರಿಂದ ಎಂದು ಒಂದು ದಿನವೂ ಕೇಳಲಿಲ್ಲ” ಎಂದಳು.

ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಆ ಮಾತಿಗೆ ಉತ್ತರ ತೋಚಲಿಲ್ಲ. ಮಗುವಿನ ತಪ್ಪು ತಪ್ಪೇ; ಆದರೆ ಆ ದಾರಿಗೆ ಆಕೆಯನ್ನು ನೂಕಿದ ಹಾಳೆಯನ್ನು ಗೋಡೆಗೆ ಅಂಟಿಸಿದವಳು ನಾನು. ಇನ್ನೊಂದು ಸಂಗತಿಯು ನಮ್ಮಿಬ್ಬರಿಗೂ ನಾಚಿಕೆಯನ್ನು ತಂದಿತು. ಆ ತಾಣದ ಕೆಳಭಾಗದ ಸಣ್ಣ ಅಕ್ಷರಗಳನ್ನು ಕೂಡಿ ಓದಿದಾಗ, ಮೂಲದ ಹೆಸರನ್ನು ಹೇಳಿ, ಅದೇ ಷರತ್ತಿನ ಮೇಲೆ ಇತರರಿಗೂ ಹಂಚುವದಾದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದೆಂದು ಅಲ್ಲಿ ಬರೆದಿತ್ತು. ಬೇಡಿದ್ದರೆ ಬಾಗಿಲು ತೆರೆದೇ ಇತ್ತು. ಹೆಸರನ್ನು ಮರೆಸಿದ್ದರಿಂದಲೇ ಅದು ಕಳ್ಳತನವಾಯಿತು.

ಆ ದಿನವೇ ಹಾಳೆಯನ್ನು ತೆಗೆದುಹಾಕಿ, ಮರುದಿನ ಪ್ರಾರ್ಥನೆಯ ಬಳಿಕ ತರಗತಿಯ ಮುಂದೆ ನನ್ನ ಪಾಲಿನ ತಪ್ಪನ್ನು ಹೇಳಿದೆನು. ಹುಡುಗಿಯ ಹೆಸರನ್ನು ಹೇಳಲಿಲ್ಲ. ನಮ್ಮ ಕೋಷ್ಟಕದಲ್ಲಿ ‘ಯಾರಿಂದ’ ಎಂಬ ಒಂದು ಹೊಸ ಅಂಕಣವನ್ನು ಸೇರಿಸಿದೆವು. ಆ ಅಂಕಣವು ಖಾಲಿಯಾಗಿದ್ದ ಪದಗಳೆಲ್ಲವೂ ಹೊರಗೆ ಹೋದವು. ಅದೇ ಬಾಲಿಕೆಯು ಮುಂದಿನ ಎರಡು ಶನಿವಾರಗಳಲ್ಲಿ ನೆರೆಮನೆಯ ಹೂ ಕಟ್ಟುವ ಹೆಂಗಸರ ಬಳಿಯಲ್ಲಿ ಕೂತು, ಅವರ ಒಪ್ಪಿಗೆಯನ್ನು ಪಡೆದು, ಹನ್ನೊಂದು ಪದಗಳನ್ನು ಧ್ವನಿಸಹಿತವಾಗಿ ತಂದಳು.

ಪ್ರದರ್ಶನದ ದಿನ ನಮ್ಮ ತಾಣದಲ್ಲಿದ್ದದ್ದು ಅರುವತ್ತೆರಡು ಪದಗಳು. ‘ಇತರರಲ್ಲಿ ನೋಡಿರಿ’ ಎಂಬ ಪುಟದಲ್ಲಿ ನಾವು ಪರಿಶೀಲಿಸಿದ ನಿಘಂಟುಗಳ ಹೆಸರುಗಳನ್ನೂ, ಯಾವದಕ್ಕೆ ಯಾವದು ಉತ್ತಮವೆಂಬದನ್ನೂ ಮಕ್ಕಳು ಬರೆದಿದ್ದರು. ಸಂದರ್ಶಕರಲ್ಲಿ ಒಬ್ಬರು, “ಸ್ಪರ್ಧಿಗಳ ವಿಳಾಸವನ್ನು ನೀವೇ ಕೊಡುವದೇ?” ಎಂದು ನಕ್ಕರು. ಒಬ್ಬ ಬಾಲಿಕೆಯು, “ನಮ್ಮಲ್ಲಿ ಸಿಕ್ಕದವರು ಬರಿಗೈಯಲ್ಲಿ ಹೋಗಬಾರದು, ಸಾರ್” ಎಂದಳು. ಆ ಹೊತ್ತಿಗೆ ‘ಟ್ಟ’ ಎಲ್ಲಿದೆ ಎಂದು ಕೇಳಿದ್ದ ಅಜ್ಜಿಯವರು ಬಂದು ಮಲ್ಲಿಗೆಯ ಚಿತ್ರವನ್ನು ತಾವೇ ಮುಟ್ಟಿ, ತಮ್ಮ ಧ್ವನಿಯನ್ನು ಕೇಳಿ, “ಇದರಲ್ಲಿ ನಾನು ಬಹಳ ಬೇಗ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ, ಬರಕೊಳ್ಳಿ” ಎಂದು ಕುರ್ಚಿಯನ್ನು ಎಳೆದು ಕೂತರು.

ತಾಯಿತಂದೆಗಳು ಮನೆಯಲ್ಲಿ ಮಕ್ಕಳ ಸಂಗಡ ಮಾಡಬಹುದಾದ ಅಭ್ಯಾಸಗಳು ಇವು:

೧. ಒಂದೇ ವಿಷಯದ ಮೂರು ತಾಣಗಳನ್ನು ಆರಿಸಿ, ಒಂದೇ ಫೋನಿನಲ್ಲಿ ಒಂದೇ ಐದು ಪ್ರಶ್ನೆಗಳನ್ನು ಕೇಳಿ ನೋಡಿರಿ. ಪ್ರಶ್ನೆಗಳಲ್ಲಿ ಎರಡಾದರೂ ನಿಮಗೆ ಉತ್ತರ ತಿಳಿಯದವುಗಳಾಗಿರಲಿ.

೨. ಪ್ರತಿಯೊಂದರಲ್ಲಿಯೂ ಬರೆದವರು ಯಾರು, ಯಾವಾಗ ತಿದ್ದಿದರು, ಅನುಮತಿಯ ಷರತ್ತೇನು ಎಂಬದನ್ನು ಹುಡುಕಿರಿ.

೩. ಪ್ರತಿಯೊಂದು ತಾಣದಲ್ಲಿಯೂ ನಿಮಗಿಂತ ಚೆನ್ನಾಗಿ ಮಾಡಿರುವ ಒಂದು ಅಂಶವನ್ನು ಮೊದಲು ಬರೆದು, ಕೊರತೆಯನ್ನು ಆಮೇಲೆ ಬರೆಯಿರಿ.

೪. ಮನೆಯ ಹಿರಿಯರೊಬ್ಬರ ಕೈಗೆ ಫೋನನ್ನು ಕೊಟ್ಟು, ಸಹಾಯ ಮಾಡದೆ, ಅವರು ಎಲ್ಲಿ ನಿಲ್ಲುತ್ತಾರೆಂಬದನ್ನು ಗುರುತಿಸಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ತಮ್ಮ ತಾಯಿಯ ಬಾಯಿಂದ ಕೇಳಿದ ಒಂದು ಕೆಲಸದ ಮಾತನ್ನು, ಅದನ್ನು ಹೇಳಿದವರು ಯಾರೆಂಬದರೊಡನೆ, ಶಾಲೆಗೆ ಬರೆದು ಕಳುಹಿಸಬೇಕು. ಎಷ್ಟು ಬಂದವೆಂದು ನಾವು ಎಣಿಸುವದಿಲ್ಲ.