ಟೊಂಕ ಹಿಡಿದಾಗ

ಬೈಲಹೊಂಗಲ, ಕಿತ್ತೂರು ಕಡೆ ಕಬ್ಬು ಕಡಿದೋ, ರಾಮದುರ್ಗದಲ್ಲಿ ಮಗ್ಗದ ಮುಂದೆ ಕೂತೋ ಟೊಂಕ ಹಿಡಿದವರಿಗೆ ಸಿಗುವ ಮೊದಲ ಮಾತು, ‘ಕೀಲು ಸರಿದೈತಿ, ತಿಕ್ಕಿಸ್ಕೊಂಡ್ ಬಾ’. ಸವದತ್ತಿಯಲ್ಲೂ ಅದೇ. ಹೆದರಬೇಡಿ. ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರುವ ಕೀಲು ಗಟ್ಟಿ ನಾರುಗಳಿಂದ ಬಿಗಿದಿರುತ್ತದೆ. ಅಲುಗುವುದು ಕೆಲವೇ ಮಿಲಿಮೀಟರ್. ದೊಡ್ಡ ಪೆಟ್ಟು ಬೀಳದೆ ಸುಲಭಕ್ಕೆ ಜಾಗ ಬಿಡುವುದಿಲ್ಲ. 1998ರಲ್ಲಿ ಸ್ವೀಡನ್ನಿನ ವೈದ್ಯರು 10 ಮಂದಿಯ ಈ ಕೀಲನ್ನು ಕೈಚಿಕಿತ್ಸೆಗೆ ಮೊದಲೂ ಆಮೇಲೂ ವಿಶೇಷ ಎಕ್ಸ್‌ರೇಯಲ್ಲಿ ಅಳೆದರು. ಮುಟ್ಟಿ ನೋಡಿದಾಗ ಸರಿಹೋದಂತೆ ಕಂಡರೂ ಎಲುಬು ಇದ್ದಲ್ಲೇ ಇತ್ತು. ಕೈಚಿಕಿತ್ಸೆಯಲ್ಲಿ ಕೇಳುವ ‘ಲಟಕ್’ ಎನ್ನುವುದು ಎಲುಬು ಕೂತ ಸದ್ದಲ್ಲ.

ಹಾಗಂತ ಕೈಚಿಕಿತ್ಸೆ ಸುಳ್ಳಲ್ಲ. ಬಿಗಿದ ಸ್ನಾಯು ಸಡಿಲಾಗಿ ನೋವು ಕೆಲಕಾಲ ತಗ್ಗಬಹುದು. ಕಲಿತ ಫಿಜಿಯೋಥೆರಪಿಸ್ಟರ ಹತ್ತಿರವೇ ಹೋಗಿ. ನೋವು ತಗ್ಗಿದಾಗ ನಡೆದಾಡಿ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೆಲ್ಲಗೆ ಎತ್ತಿ ಇಳಿಸಿ.

ಕಾಲಿನ ಬಲ ಇಳಿದರೆ, ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು ಜೋಮು ಹಿಡಿದರೆ ತಿಕ್ಕಿಸಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಜ್ವರವೋ, ಬಿದ್ದ ಪೆಟ್ಟೋ ಇದ್ದರೆ ಮೊದಲು ವೈದ್ಯರು ನೋಡಲಿ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸುವ ರೂಢಿ ಹಳ್ಳಿಗಳಲ್ಲಿದೆ. ಎಲುಬು ಸವೆದ ವಯಸ್ಸಾದ ಅವ್ವನಿಗೆ ಅದನ್ನು ಖಂಡಿತ ಮಾಡಿಸಬೇಡಿ.